ಆಕಾಶಕ್ಕೆ ಬುತ್ತಿ



1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಸೋವಿಯತ್ ಒಕ್ಕೂಟದ ಸಲ್ಯೂಟ್-7 ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಅವರ ಜೊತೆ ನಮ್ಮ ಮೈಸೂರಿನ ಬುತ್ತಿಯೂ ಹೋಗಿತ್ತು. ರವೆ ಹಲ್ವ, ತರಕಾರಿ ಪಲಾವು ಇವನ್ನೆಲ್ಲ ಅಲ್ಲಿಗೆ ಹೊಂದುವಂತೆ ಸಿದ್ಧಮಾಡಿ ಕೊಟ್ಟದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ವಾರವೊಪ್ಪತ್ತಿನ ಪ್ರಯಾಣಕ್ಕೆ ಹೀಗೆ ಬುತ್ತಿ ಕಟ್ಟಿಕೊಂಡು ಹೋಗಬಹುದು. ಆದರೆ ಶರ್ಮಾ ಹೋದಾಗ ಆ ನಿಲ್ದಾಣದಲ್ಲಿ ಕಿಜಿಮ್, ಸೊಲೊವ್ಯೋವ್, ಅಟ್ಕೋವ್ ಎಂಬ ಮೂವರು ಆಗಲೇ ಬಿಡಾರ ಹೂಡಿದ್ದರು. ಅವರು ಅಲ್ಲಿದ್ದದ್ದು 237 ದಿನ. ಅಷ್ಟು ಕಾಲ ಅವರಿಗೆ ನೀರು, ಗಾಳಿ, ಊಟ ಎಲ್ಲಿಂದ ಬಂತು? ಇವತ್ತು ನಾನು ಹೇಳಹೊರಟಿರುವುದು ಅವನ್ನು ಹೊತ್ತು ತಂದ ನೌಕೆಯ ಕಥೆ. ಅದರ ಹೆಸರು ಪ್ರೋಗ್ರೆಸ್. ಅದರೊಳಗೆ ಮನುಷ್ಯರಿರುವುದಿಲ್ಲ.

ಪ್ರೋಗ್ರೆಸ್ಸಿಗೂ ಮುಂಚೆ, 1973ರಲ್ಲಿ ಅಮೆರಿಕ ಸ್ಕೈಲ್ಯಾಬ್ ಹಾರಿಸಿತ್ತು. ಬೇಕಾದ ನೀರು, ಆಹಾರ, ಆಮ್ಲಜನಕದ ಬಹುಪಾಲನ್ನು ಮೊದಲೇ ತುಂಬಿ ಕಳಿಸಿದ ನಿಲ್ದಾಣ ಅದು. ಮೂರು ತಂಡಗಳು ಹೋಗಿ ಬಂದವು, ಕೊನೆಯ ತಂಡ 84 ದಿನ ಇತ್ತು. ಆಮೇಲೆ ಅದು ಪಾಳು ಬಿತ್ತು. ಕಕ್ಷೆಯಲ್ಲಿರುವ ತೆಳುಗಾಳಿಯ ತಡೆಗೆ ಸಿಕ್ಕಿ ದಿನೇದಿನೇ ಕೆಳಗಿಳಿಯುತ್ತಿದ್ದ ಅದನ್ನು ಮೇಲೆತ್ತಬೇಕಿದ್ದ ಸ್ಪೇಸ್ ಶಟಲ್ ನೌಕೆ ಇನ್ನೂ ಸಿದ್ಧವಾಗಿರಲಿಲ್ಲ. 1979ರ ಜುಲೈ 11ರಂದು ಅದರ ಚೂರುಗಳು ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾದ ನೆಲಕ್ಕೂ ಬಿದ್ದವು. ಎಲ್ಲಿ ನಮ್ಮ ತಲೆಯ ಮೇಲೆ ಬೀಳುತ್ತದೋ ಎಂಬ ಆಗಿನ ಅಂಜಿಕೆ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು.

ಸೋವಿಯತ್ ಎಂಜಿನಿಯರುಗಳು ಹಿಡಿದ ದಾರಿ ಬೇರೆ. ಸಲ್ಯೂಟ್-6 ನಿಲ್ದಾಣಕ್ಕೆ ಅವರು ಹಿಂದೊಂದು, ಮುಂದೊಂದು, ಎರಡು ಬಾಗಿಲು ಇಟ್ಟರು. ಒಂದಕ್ಕೆ ಮನುಷ್ಯರ ನೌಕೆ ಕಟ್ಟಿಕೊಂಡಿದ್ದರೂ ಇನ್ನೊಂದು ಸರಕಿಗೆ ತೆರವಾಗಿರುತ್ತಿತ್ತು. 1978ರ ಜನವರಿ 20ರಂದು ಬೈಕನೂರು ಉಡಾವಣಾ ಕೇಂದ್ರದಿಂದ ಹೊರಟ ಪ್ರೋಗ್ರೆಸ್-1 ಎರಡು ದಿನದ ಮೇಲೆ ತಾನೇ ದಾರಿ ಹುಡುಕಿಕೊಂಡು ಬಂದು ಹಿಂಬಾಗಿಲಿಗೆ ಕೂಡಿಕೊಂಡಿತು. ನಿಲ್ದಾಣದೊಳಗಿದ್ದವರು ಯೂರಿ ರೊಮನೆಂಕೊ ಮತ್ತು ಗ್ರೆಚ್ಕೊ. ನೌಕೆಯಲ್ಲಿ ಸುಮಾರು 2,300 ಕಿಲೊ ಸರಕಿತ್ತು, ಅದರಲ್ಲಿ ಹೆಚ್ಚುಕಡಿಮೆ ಒಂದು ಟನ್ ಇಂಧನ.

ಆ ಇಂಧನ ತುಂಬಿಸಿದ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ಕಡುವಿಷ, ಒಂದು ಹನಿ ಒಳಗೆ ಸೋರಿದರೂ ಆಪತ್ತು. ಹಾಗಾಗಿ ಕೊಳವೆಗಳನ್ನು ಗಗನಯಾತ್ರಿಗಳು ಓಡಾಡುವ ಕೋಣೆಯ ಹೊರಗಿನಿಂದಲೇ ಹಾಯಿಸಿದ್ದರು. ಎರಡು ನೌಕೆಗಳ ಬಾಯಿಬಳೆ ಕೂಡಿದಾಗ ಕೊಳವೆಗಳೂ ಕೂಡಿಕೊಳ್ಳುತ್ತಿದ್ದವು. ತೂಕವಿಲ್ಲದ ಕಡೆ ದ್ರವ ತಾನಾಗಿ ಇಳಿದು ಬರುವುದಿಲ್ಲ, ಅನಿಲದ ಒತ್ತಡದಿಂದ ನೂಕಬೇಕು. ಅದಕ್ಕೆ ಮೊದಲು ನಿಲ್ದಾಣದ ಟ್ಯಾಂಕಿನಲ್ಲಿದ್ದ ಸಾರಜನಕವನ್ನು ಮತ್ತೆ ಸಿಲಿಂಡರಿಗೆ ಒತ್ತಿ ಜಾಗ ಮಾಡಿಕೊಳ್ಳಬೇಕು. ಹೀಗೆ ಪೆಟ್ರೋಲ್ ಬಂಕಿಲ್ಲದ ಆಕಾಶದಲ್ಲಿ ಮೊದಲ ಸಲ ಟ್ಯಾಂಕು ತುಂಬಿತು. ರೊಮನೆಂಕೊ, ಗ್ರೆಚ್ಕೊ 96 ದಿನ ಇದ್ದು ಸ್ಕೈಲ್ಯಾಬಿನ ದಾಖಲೆ ಮುರಿದರು. ನನ್ನ ಎಣಿಕೆಯಲ್ಲಿ, ಮನುಷ್ಯರು ಬಾಹ್ಯಾಕಾಶಕ್ಕೆ ಹೋಗಿಬರುವುದು ನಿಂತು ಅಲ್ಲಿ ಬದುಕತೊಡಗಿದ್ದು ಆಗ.

ಈ ನೌಕೆಯಿಂದ ಆಪತ್ತೂ ಬಂದಿದೆ. 1997ರ ಜೂನ್ 25ರಂದು ರಷ್ಯಾದ ಮೀರ್ ನಿಲ್ದಾಣದ ಕಮಾಂಡರ್ ವಸೀಲಿ ತ್ಸಿಬ್ಲಿಯೆವ್ ಟಿವಿ ಪರದೆ ನೋಡುತ್ತ ದೂರನಿಯಂತ್ರಣದಿಂದ ಪ್ರೋಗ್ರೆಸ್ ಎಂ-34 ಅನ್ನು ಹತ್ತಿರ ತರುತ್ತಿದ್ದರು. ಸ್ವಯಂಚಾಲಿತ ಜೋಡಣೆಯ ಉಪಕರಣಕ್ಕೆ ಖರ್ಚು ಹೆಚ್ಚಾಗಿದ್ದರಿಂದ, ಕೈಯಿಂದಲೇ ನಡೆಸಿದರೆ ಹೇಗೆ ಎಂದು ಪರೀಕ್ಷೆ ನಡೆದಿತ್ತು. ಏಳು ಟನ್ ತೂಕದ ನೌಕೆ ನಿಲ್ಲಲಿಲ್ಲ, ಸ್ಪೆಕ್ಟರ್ ಕೊಠಡಿಗೆ ಬಡಿಯಿತು. ಗೋಡೆಗೆ ತೂತು ಬಿದ್ದು ಗಾಳಿ ಸೋರತೊಡಗಿತು. ಆ ಕೊಠಡಿಯ ಬಾಗಿಲು ಮುಚ್ಚೋಣವೆಂದರೆ ಅದರೊಳಗಿಂದ ಕೇಬಲ್ಲುಗಳು ಹಾದಿದ್ದವು. ಕಮಾಂಡರ್ ಜೊತೆಗಿದ್ದ ಲಾಜುಟ್ಕಿನ್ ಮತ್ತು ಅಮೆರಿಕದ ಮೈಕಲ್ ಫೋಲ್ ಅವನ್ನು ಕಿತ್ತು, ಬಿಡಿಸಲಾಗದ್ದನ್ನು ಕತ್ತರಿಸಿ, ಮುಚ್ಚಳ ಹಾಕಿದರು. ಮೂವರೂ ಬದುಕಿದರು. ನಾಲ್ಕು ವರ್ಷದ ಮೇಲೆ, 2001ರ ಮಾರ್ಚ್ 23ರಂದು, ಮುದಿಯಾದ ಮೀರ್ ಅನ್ನು ಸಾಗರಕ್ಕೆ ಇಳಿಸಿದ್ದೂ ಒಂದು ಪ್ರೋಗ್ರೆಸ್ ನೌಕೆಯ ಎಂಜಿನ್ನೇ.

ಅಷ್ಟರಲ್ಲಿ ಅಂತರರಾಷ್ಟ್ರೀಯ ನಿಲ್ದಾಣ ಬಂದಿತ್ತು. ಮುಂದೆ ಯುರೋಪು, ಜಪಾನ್, ಅಮೆರಿಕದ ಖಾಸಗಿ ಕಂಪನಿಗಳು ತಮ್ಮ ಸರಕು ನೌಕೆಗಳನ್ನು ಕಳಿಸಿದವು. ಆದರೂ 2014ರ ಅಕ್ಟೋಬರಿನಲ್ಲಿ ಅಮೆರಿಕದ ಸಿಗ್ನಸ್, 2015ರ ಏಪ್ರಿಲಿನಲ್ಲಿ ಒಂದು ಪ್ರೋಗ್ರೆಸ್, ಜೂನಿನಲ್ಲಿ ಅಮೆರಿಕದ್ದೇ ಆದ ಡ್ರ್ಯಾಗನ್, ಹೀಗೆ ಎಂಟು ತಿಂಗಳಲ್ಲಿ ಮೂರು ನೌಕೆಗಳು ನಷ್ಟವಾದವು. ಆಗ ಮೇಲಿದ್ದವರು ಮೂವರು: ಪದಾಲ್ಕಾ, ಕೊರ್ನಿಯೆಂಕೊ, ಸ್ಕಾಟ್ ಕೆಲಿ. ಉಗ್ರಾಣದಲ್ಲಿ ಕೆಲವು ತಿಂಗಳ ದಾಸ್ತಾನಿತ್ತು, ನಿಜ. ಆದರೂ ಜುಲೈ 5ರಂದು ಪ್ರೋಗ್ರೆಸ್ ಎಂ-28ಎಂ ಬಂದು ಕೂಡಿಕೊಂಡಾಗ ಎಲ್ಲರ ಎದೆ ಹಗುರಾಯಿತು.

ಪ್ರೋಗ್ರೆಸ್ಸಿಗೆ ಉಷ್ಣಕವಚವಿಲ್ಲ, ಮರಳಿ ಬರಲೆಂದು ಅದನ್ನು ಮಾಡಿಲ್ಲ. ಬಾಗಿಲು ತೆರೆದ ದಿನ ಒಳಗಿಂದ ತಾಜಾ ಸೇಬು, ಕಿತ್ತಳೆ ಹಣ್ಣುಗಳು ಹೊರಬರುತ್ತವೆ. ಖಾಲಿಯಾದ ಹಾಗೆಲ್ಲ ಕಸ ತುಂಬುತ್ತಾರೆ. ಊಟದ ಪೊಟ್ಟಣ, ಕೆಟ್ಟ ಯಂತ್ರಭಾಗ, ತೊಟ್ಟು ಬಿಟ್ಟ ಬಟ್ಟೆ. ಅಲ್ಲಿ ಬಟ್ಟೆ ಒಗೆಯುವ ಅನುಕೂಲವಿಲ್ಲ. ತಿಂಗಳುಗಟ್ಟಲೆ ನಿಲ್ದಾಣಕ್ಕೆ ಅಂಟಿಕೊಂಡಿದ್ದು, ಆಗಾಗ ತನ್ನ ಎಂಜಿನ್ ಉರಿಸಿ ಅದನ್ನು ಒಂದಿಷ್ಟು ಮೇಲೆತ್ತಿ, ಕೊನೆಗೊಂದು ದಿನ ಬಿಡಿಸಿಕೊಳ್ಳುತ್ತದೆ. ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ, ಹಡಗುಗಳು ಅಪರೂಪವಾದ ಕಡೆ, ಗಾಳಿಗೆ ಇಳಿದು ಹೊತ್ತಿಕೊಂಡು ಉರಿಯುತ್ತದೆ. ಆ ಹೊತ್ತಿಗೆ ಬೈಕನೂರಿನಲ್ಲಿ ಮುಂದಿನ ನೌಕೆಗೆ ನೀರು, ಇಂಧನ, ಹಣ್ಣಿನ ಚೀಲಗಳನ್ನು ತುಂಬುವ ಕೆಲಸ ನಡೆದಿರುತ್ತದೆ.