ಸಭಾಕಂಪನಕ್ಕೆ ಮದ್ದು ಸಭೆಯೇ

(ನಮ್ಮ ಕನ್ನಡ ಕೂಟದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣ)



ಡಾಕ್ಟರನ್ನು ಭಾಷಣಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಇವುಗಳಲ್ಲಿ ಒಂದರ ಮೇಲೆ ಮಾತನಾಡುವುದು ವಾಡಿಕೆ. ಹೋಳಿಗೆ ಊಟಕ್ಕೆ ಮುಂಚೆ ಆ ವಿಷಯ ಎತ್ತಿದರೆ ನಮ್ಮ ಅಡುಗೆ ಸಮಿತಿಯವರು ನನ್ನನ್ನು ಕ್ಷಮಿಸಲಾರರು. ಆದ್ದರಿಂದ ಇವತ್ತು ಬೇರೊಂದು ತೊಂದರೆಯನ್ನು ಆರಿಸಿಕೊಂಡಿದ್ದೇನೆ. ಅದು ರಕ್ತಪರೀಕ್ಷೆಯಲ್ಲಿ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಬೀಳುವುದಿಲ್ಲ. ಆದರೆ ಈ ಸಭಾಂಗಣದಲ್ಲಿ ಅದು ಇಲ್ಲದವರು ಬಹಳ ಕಡಿಮೆ. ಅದರ ಹೆಸರು ಸಭಾಕಂಪನ.

ಸಮಿತಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಕುರ್ಚಿ ಜೋಡಿಸಲು ಜನ ಸಿಗುತ್ತಾರೆ. ಇನ್ನೂರು ಜನಕ್ಕೆ ಬಿಸಿಬೇಳೆಭಾತ್ ಮಾಡಲು ಜನ ಸಿಗುತ್ತಾರೆ. ವಂದನಾರ್ಪಣೆಗೆ ಮಾತ್ರ ಯಾರೂ ಸಿಗುವುದಿಲ್ಲ. "ಅದೊಂದು ಬಿಟ್ಟು ಏನು ಬೇಕಾದರೂ ಹೇಳಿ ಸಾರ್" ಎನ್ನುತ್ತಾರೆ. ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿರುವವರು, ಗಂಟೆಗೆ ಎಪ್ಪತ್ತು ಮೈಲಿ ವೇಗದಲ್ಲಿ ಹಿಮದಲ್ಲೂ ಕಾರು ಓಡಿಸುವವರು, ಆರು ಅಂಗುಲದ ಮೈಕ್ ಕಂಡು ಹಿಂದೆ ಸರಿಯುತ್ತಾರೆ. ಇದೇಕೆ ಹೀಗೆ?

ಮೊದಲು ನಮ್ಮ ಶರೀರದಲ್ಲಿ ಏನಾಗುತ್ತದೆ ಎಂಬುದನ್ನು ನೋಡೋಣ. ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಯವೋ ಕೋಪವೋ ಬಂದಾಗ ದೇಹ ಹೇಗೆ ಸಜ್ಜಾಗುತ್ತದೆ ಎಂದು ವಿವರಿಸಿದರು. ಎದುರಿಗೆ ಹುಲಿ ಬಂತೆನ್ನಿ. ಹೋರಾಡಬೇಕು, ಇಲ್ಲವೇ ಓಡಬೇಕು. ಎರಡಕ್ಕೂ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ವೇಗವಾಗುತ್ತದೆ, ಬೆರಳುಗಳು ನಡುಗುತ್ತವೆ. ಆ ಹೊತ್ತಿಗೆ ಊಟ ಜೀರ್ಣಿಸುವ ಕೆಲಸ ತುರ್ತಲ್ಲವಾದ್ದರಿಂದ ಬಾಯಿ ಒಣಗುತ್ತದೆ, ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ. ವೇದಿಕೆ ಹತ್ತಿದವನಿಗೆ ಆಗುವುದೂ ಇದೇ. ಎದುರಿಗಿರುವುದು ಹುಲಿಯಲ್ಲ, ಕಳೆದ ವಾರ ನಮ್ಮ ಮನೆಗೆ ಕಾಫಿಗೆ ಬಂದಿದ್ದ ಜನವೇ. ಆದರೆ ದೇಹಕ್ಕೆ ಆ ವ್ಯತ್ಯಾಸ ತಿಳಿಯಲು ಸ್ವಲ್ಪ ಹೊತ್ತು ಬೇಕು.

ಆದ್ದರಿಂದ ಎದೆ ಹೊಡೆದುಕೊಂಡರೆ ಅದು ಹೇಡಿತನವಲ್ಲ, ದಡ್ಡತನವೂ ಅಲ್ಲ. ಅಡ್ರಿನಲಿನ್ ತನ್ನ ಕೆಲಸ ಮಾಡುತ್ತಿದೆ, ಅಷ್ಟೆ. ಹೆಚ್ಚಿನವರಿಗೆ ಮೊದಲ ಒಂದೆರಡು ನಿಮಿಷ ಕಳೆದರೆ ಅದರ ಅಬ್ಬರ ತಾನಾಗಿಯೇ ಇಳಿಯುತ್ತದೆ.

ಇನ್ನೊಂದು ಸಮಾಧಾನದ ಸಂಗತಿಯಿದೆ. ನಮ್ಮ ಎದೆಬಡಿತ ನಮಗೆ ಕೇಳಿಸಿದಷ್ಟು ಸಭಿಕರಿಗೆ ಕೇಳಿಸುವುದಿಲ್ಲ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣ ಮಾಡಿದವರು ತಮ್ಮ ಅಳುಕು ಎಲ್ಲರಿಗೂ ಎದ್ದು ಕಾಣುತ್ತಿದೆ ಎಂದುಕೊಂಡಿದ್ದರು. ಕೇಳಿದವರ ಕಣ್ಣಿಗೆ ಅದು ಅಷ್ಟಾಗಿ ಬಿದ್ದಿರಲಿಲ್ಲ. "ನಿಮ್ಮ ಅಳುಕು ಹೊರಗೆ ಅಷ್ಟು ಕಾಣುವುದಿಲ್ಲ" ಎಂದು ಮೊದಲೇ ತಿಳಿಸಿದಾಗ ಭಾಷಣಕಾರರು ಇನ್ನೂ ಚೆನ್ನಾಗಿ ಮಾತನಾಡಿದರು. ಈ ಒಂದು ಮಾತನ್ನು ಜೇಬಿನಲ್ಲಿಟ್ಟುಕೊಂಡು ಹೋದರೂ ಇವತ್ತು ನೀವು ಬಂದದ್ದು ಸಾರ್ಥಕ.

ಹಾಗಾದರೆ ಈ ಭಯ ವರ್ಷಗಟ್ಟಲೆ ಉಳಿಯುವುದೇಕೆ? ನಾವು ತಪ್ಪಿಸಿಕೊಳ್ಳುವುದರಿಂದ. "ನನಗೆ ಗಂಟಲು ಸರಿಯಿಲ್ಲ, ಇನ್ನೊಬ್ಬರನ್ನು ಕೇಳಿ" ಎಂದ ಕೂಡಲೇ ಒಂದು ನೆಮ್ಮದಿ ಸಿಗುತ್ತದೆ. ತಪ್ಪಿಸಿಕೊಂಡರೆ ಹಾಯಾಗಿರಬಹುದು ಎಂಬ ಪಾಠವನ್ನು ಮನಸ್ಸು ಕಲಿತುಬಿಡುತ್ತದೆ. ಮುಂದಿನ ಸಲ ಭಯ ಇನ್ನಷ್ಟು ಬೆಳೆದಿರುತ್ತದೆ. ಸಾಲ ತಂದು ಹಬ್ಬ ಮಾಡಿದ ಹಾಗೆ, ಆ ದಿನದ ಸುಖಕ್ಕೆ ಆಮೇಲೆ ಬಡ್ಡಿ ಕಟ್ಟಬೇಕಾಗುತ್ತದೆ.

ಚಿಕಿತ್ಸೆ ಇದಕ್ಕೆ ವಿರುದ್ಧವಾದ ದಾರಿಯಲ್ಲಿದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕನ್ ಮಹಿಳೆ ಒಂದು ವರದಿ ಪ್ರಕಟಿಸಿದರು. ಪೀಟರ್ ಎಂಬ ಪುಟ್ಟ ಹುಡುಗನಿಗೆ ಮೊಲ ಕಂಡರೆ ಭಯ. ಆಕೆ ಅವನಿಗೆ ಬುದ್ಧಿ ಹೇಳಲಿಲ್ಲ, ಗದರಿಸಲಿಲ್ಲ. ಅವನಿಗೆ ಇಷ್ಟವಾದ ತಿಂಡಿ ಕೊಟ್ಟು, ಅವನು ತಿನ್ನುತ್ತಿರುವಾಗ ಮೊಲದ ಪಂಜರವನ್ನು ದೂರದಲ್ಲಿ ಇರಿಸಿದರು. ದಿನ ಕಳೆದಂತೆ ಅದನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡತೊಡಗಿದ. ಇಂದಿಗೂ ಭಯದ ಚಿಕಿತ್ಸೆಗೆ ಮೂಲಸೂತ್ರ ಇದೇ: ಮೆಲ್ಲಗೆ, ಮೆಟ್ಟಿಲು ಮೆಟ್ಟಿಲಾಗಿ, ಹಿತವಾದ ವಾತಾವರಣದಲ್ಲಿ, ಮತ್ತೆ ಮತ್ತೆ.

ಇದು ನಮ್ಮವರಿಗೆ ಹೊಸದೇನಲ್ಲ. ಯಕ್ಷಗಾನದ ಮೇಳಗಳನ್ನು ಬಲ್ಲವರು ಇಲ್ಲಿ ಅನೇಕರಿದ್ದೀರಿ. ಮೇಳಕ್ಕೆ ಸೇರಿದ ಹುಡುಗನನ್ನು ಮೊದಲ ದಿನವೇ ಅರ್ಜುನನ ವೇಷ ಕಟ್ಟಿ ರಂಗಸ್ಥಳಕ್ಕೆ ತಳ್ಳುತ್ತಿರಲಿಲ್ಲ. ಪೂರ್ವರಂಗದಲ್ಲಿ ಕೋಡಂಗಿ, ಆಮೇಲೆ ಬಾಲಗೋಪಾಲ, ಅದಾದ ಮೇಲೆ ಪ್ರಸಂಗದ ಸಣ್ಣಪುಟ್ಟ ವೇಷ. ಜನ ಇನ್ನೂ ಬಂದು ಕೂರುತ್ತಿರುವ ಹೊತ್ತಿನಲ್ಲಿ ಹುಡುಗ ರಂಗಸ್ಥಳದ ಬೆಳಕಿಗೂ ಚೆಂಡೆಯ ಸದ್ದಿಗೂ ಒಗ್ಗಿಕೊಳ್ಳುತ್ತಿದ್ದ. ಮೇರಿ ಕವರ್ ಜೋನ್ಸ್ ಮೊಲದ ಪಂಜರವನ್ನು ಇಂಚಿಂಚಾಗಿ ಹತ್ತಿರ ತಂದಂತೆ, ನಮ್ಮ ಭಾಗವತರು ಹುಡುಗನನ್ನೇ ಇಂಚಿಂಚಾಗಿ ಸಭೆಯ ಹತ್ತಿರ ತರುತ್ತಿದ್ದರು.

ನನ್ನ ವೃತ್ತಿಯಲ್ಲೂ ಇದೇ ಕ್ರಮ. ಊರಿನಲ್ಲಿ ಎಂ.ಬಿ.ಬಿ.ಎಸ್. ಓದುವಾಗ ವೈವಾ ಎಂದರೆ ಸಹಪಾಠಿಗಳೆಲ್ಲರ ಮುಖ ಬಿಳಿಚಿಕೊಳ್ಳುತ್ತಿತ್ತು. ಇಲ್ಲಿಗೆ ಬಂದು ರೆಸಿಡೆನ್ಸಿ ಸೇರಿದಾಗ ಬೆಳಗಿನ ಏಳು ಗಂಟೆಗೆ ಹಿರಿಯ ವೈದ್ಯರ ಮುಂದೆ ರೋಗಿಯ ವಿವರ ಒಪ್ಪಿಸಬೇಕು. ಉತ್ತರ ಗೊತ್ತಿರುತ್ತಿತ್ತು, ನಾಲಿಗೆ ಏಳುತ್ತಿರಲಿಲ್ಲ. ನನ್ನ ಉಚ್ಚಾರಣೆ ಅವರಿಗೆ ಹೊಸದು, ಅವರ ವೇಗ ನನಗೆ ಹೊಸದು. ಒಬ್ಬ ಸೀನಿಯರ್ ರೆಸಿಡೆಂಟ್ ನನಗೊಂದು ಉಪಾಯ ಹೇಳಿಕೊಟ್ಟರು. ಮೊದಲು ಕಾರಿಡಾರಿನಲ್ಲಿ ಅವರೊಬ್ಬರಿಗೇ ಹೇಳುವುದು, ನಂತರ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಾಲ್ಕು ಜನಕ್ಕೆ, ಕೊನೆಗೆ ಕೋಣೆ ತುಂಬ ಕುಳಿತವರಿಗೆ. ಆ ಚಳಿಗಾಲ ಮುಗಿಯುವ ಹೊತ್ತಿಗೆ ನನ್ನ ನಾಲಿಗೆ ನನ್ನ ಮಾತು ಕೇಳುತ್ತಿತ್ತು.

"ಡಾಕ್ಟ್ರೇ, ಇದಕ್ಕೊಂದು ಮಾತ್ರೆ ಇಲ್ಲವೇ?" ಎಂದು ನೀವು ಕೇಳಿಯೇ ಕೇಳುತ್ತೀರಿ. ಇದೆ. ಜೇಮ್ಸ್ ಬ್ಲ್ಯಾಕ್ ಅವರು 1960ರ ದಶಕದಲ್ಲಿ ಅಭಿವೃದ್ಧಿಪಡಿಸಿದ ಪ್ರೊಪ್ರನೊಲಾಲ್ ಹೃದಯದ ಮೇಲೆ ಅಡ್ರಿನಲಿನ್ ಬೀರುವ ಪ್ರಭಾವವನ್ನು ತಡೆಯುತ್ತದೆ. 1988ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಕೆಲವು ಸಂಗೀತಗಾರರು ಕಚೇರಿಗೆ ಮುಂಚೆ ಇದನ್ನು ತೆಗೆದುಕೊಳ್ಳುವುದುಂಟು. ಅದು ಕೈನಡುಕ ತಗ್ಗಿಸುತ್ತದೆ, ಮಾತು ಕಲಿಸುವುದಿಲ್ಲ. ಆಸ್ತಮಾ ಇರುವವರಿಗೆ ಅಪಾಯಕಾರಿ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕುಸಿದಾಗ ಕಾಣುವ ಮುನ್ಸೂಚನೆಯನ್ನು ಮರೆಮಾಚಬಹುದು. ಆದ್ದರಿಂದ ಪಕ್ಕದ ಮನೆಯವರ ಮಾತ್ರೆಯನ್ನು ಕೇಳಿ ನುಂಗಬೇಡಿ. ಧೈರ್ಯಕ್ಕೆಂದು ಒಂದು ಪೆಗ್ ಹಾಕಿ ಬರುವುದಂತೂ ಬೇಡವೇ ಬೇಡ. ಭಯದಿಂದ ಕೆಲಸ ಬಿಡುವ, ಮಗು ಶಾಲೆಗೇ ಹೋಗಲೊಲ್ಲದ ಮಟ್ಟಕ್ಕೆ ಹೋಗಿದ್ದರೆ ಅದು ಚಿಕಿತ್ಸೆ ಇರುವ ಕಾಯಿಲೆ. ಸಂಕೋಚಪಡದೆ ವೈದ್ಯರನ್ನು ಕಾಣಿ.

ಈಗ ಒಬ್ಬ ದೊಡ್ಡವರ ಕಥೆ. 1891ರಲ್ಲಿ ಲಂಡನ್ನಿನಿಂದ ಹೊರಡುವ ಮುನ್ನ ಯುವ ಬ್ಯಾರಿಸ್ಟರೊಬ್ಬರು ಗೆಳೆಯರಿಗೆ ಔತಣ ಕೊಟ್ಟರು. ಸಿದ್ಧಪಡಿಸಿಕೊಂಡಿದ್ದ ಭಾಷಣ ಮೊದಲ ವಾಕ್ಯದ ಮುಂದೆ ಹೋಗಲಿಲ್ಲ. ಮುಂದೆ ಬೊಂಬಾಯಿಯ ಕೋರ್ಟಿನಲ್ಲಿ ಸಾಕ್ಷಿಯನ್ನು ಪ್ರಶ್ನಿಸಲು ಎದ್ದು ನಿಂತವರು ತಲೆ ತಿರುಗಿದಂತಾಗಿ ಕುಳಿತುಬಿಟ್ಟರು. ಕಕ್ಷಿದಾರರ ಫೀಸನ್ನು ಹಿಂದಿರುಗಿಸಿದರು. ಅವರು ಮೋಹನದಾಸ ಕರಮಚಂದ ಗಾಂಧಿ. ಇದನ್ನೆಲ್ಲ ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಅವರು ಮೊಟ್ಟಮೊದಲ ಸಾರ್ವಜನಿಕ ಭಾಷಣ ಮಾಡಿದ್ದು ಎಲ್ಲಿ ಗೊತ್ತೇ? ಪರದೇಶದಲ್ಲಿ, ನಮ್ಮಂತೆ ಊರು ಬಿಟ್ಟು ಬಂದವರ ಮುಂದೆ. 1893ರಲ್ಲಿ ಪ್ರಿಟೋರಿಯಾದಲ್ಲಿ, ವರ್ತಕರೊಬ್ಬರ ಮನೆಯಲ್ಲಿ ಸೇರಿದ್ದ ಭಾರತೀಯರಿಗೆ ವ್ಯಾಪಾರದಲ್ಲಿ ಸತ್ಯದ ಬಗ್ಗೆ ಮಾತನಾಡಿದರು. ವಲಸಿಗರ ಕಷ್ಟಗಳನ್ನು ಸರ್ಕಾರಕ್ಕೆ ಮುಟ್ಟಿಸಲು ಒಂದು ಸಂಘ ಕಟ್ಟೋಣ ಎಂದೂ ಅಲ್ಲೇ ಸೂಚಿಸಿದರು. ಅವರಿಗೆ ಅಂದು ಹೇಳಲೇಬೇಕಾದ ಒಂದು ವಿಷಯವಿತ್ತು, ಕೇಳುವವರು ತಮ್ಮವರೇ ಆಗಿದ್ದರು. ಹಾಗೆಂದು ಭಯ ಒಂದೇ ದಿನಕ್ಕೆ ಓಡಿಹೋಗಲಿಲ್ಲ. 1896ರಲ್ಲಿ ಬೊಂಬಾಯಿಯ ದೊಡ್ಡ ಸಭೆಯಲ್ಲಿ ಅವರ ದನಿ ಮತ್ತೆ ಏಳಲಿಲ್ಲ; ಕೊನೆಗೆ ಬರೆದು ತಂದಿದ್ದ ಭಾಷಣವನ್ನು ದಿನ್‌ಶಾ ವಾಚಾ ಓದಿದರು. ಆದರೂ ಅವರು ಮಾತನಾಡುವುದನ್ನು ಬಿಡಲಿಲ್ಲ. 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠದಲ್ಲಿ ಕುಳಿತವರು ಅದೇ ಗಾಂಧಿ.

ಇನ್ನು ನಾಲ್ಕು ವ್ಯಾವಹಾರಿಕ ಸಲಹೆಗಳು. ಒಂದು, ಹೇಳಬೇಕಾದ ಒಂದೇ ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಮೊದಲ ಎರಡು ವಾಕ್ಯ ಮತ್ತು ಕೊನೆಯ ವಾಕ್ಯ ಬಾಯಿಪಾಠವಾಗಿರಲಿ. ನಡುವಿನದಕ್ಕೆ ಚಿಕ್ಕ ದಪ್ಪ ಕಾರ್ಡಿನಲ್ಲಿ ಟಿಪ್ಪಣಿ ಸಾಕು. ತೆಳು ಹಾಳೆ ಹಿಡಿದರೆ ಕೈ ನಡುಗಿದ್ದು ಎರಡರಷ್ಟು ಕಾಣುತ್ತದೆ. ಎರಡು, ಮನಸ್ಸಿನಲ್ಲೇ ಓದಿಕೊಂಡರೆ ಸಾಲದು. ಎದ್ದು ನಿಂತು, ಗಟ್ಟಿಯಾಗಿ, ಮನೆಯವರ ಮುಂದೆ ಹೇಳಿ ನೋಡಿ. ಮೂರು, ವೇದಿಕೆಗೆ ಹೋಗುವ ಮುನ್ನ ಐದಾರು ಸಲ ನಿಧಾನವಾಗಿ ಉಸಿರು ಬಿಡಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುವುದು ಶರೀರದ ಸಹಜ ಧರ್ಮ. ಪ್ರಾಣಾಯಾಮ ಮಾಡುವವರಿಗೆ ಇದು ಅನುಭವದ ಮಾತು. ನಾಲ್ಕು, ಸಭೆಯಲ್ಲಿ ನಗುಮುಖದ ಒಬ್ಬರನ್ನು ಹುಡುಕಿ, ಅವರಿಗೆ ಹೇಳುತ್ತಿದ್ದೇನೆ ಎಂದುಕೊಂಡು ಶುರುಮಾಡಿ.

ಆ ನಗುಮುಖ ಸಭೆಯಲ್ಲಿ ಇರಬೇಕಲ್ಲ! ಅದು ಕೇಳುವವರ ಕರ್ತವ್ಯ. ಇಲ್ಲಿ ನಾನು ಸ್ವಲ್ಪ ಗಂಭೀರವಾಗಿ ಮಾತನಾಡಬೇಕಾಗಿದೆ.

ನಮ್ಮಲ್ಲಿ ಕೆಲವರು "ನನ್ನ ಕನ್ನಡ ಶುದ್ಧವಿಲ್ಲ" ಎಂದು ಸುಮ್ಮನಿರುತ್ತಾರೆ. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಉರ್ದು ಆಡುವವರಿದ್ದಾರೆ. ಕಲಬುರಗಿ, ಧಾರವಾಡ, ಮಂಡ್ಯ, ಚಾಮರಾಜನಗರದ ಮಾತನ್ನು ಬಾಲ್ಯದಿಂದ ಆಡಿದವರಿದ್ದಾರೆ. ಅವರ ಮಾತೂ ಕನ್ನಡವೇ. ಮೈಕಿನ ಮುಂದೆ ಪುಸ್ತಕದ ಕನ್ನಡವೇ ಬೇಕೆಂಬ ನಿಯಮವನ್ನು ಯಾರೂ ಮಾಡಿಲ್ಲ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಇಲ್ಲಿ ಹುಟ್ಟಿದ ಮಗು "ಅಜ್ಜಿ ಬಂದಿದೆ, ಊಟ ಮಾಡ್ತಿದೆ" ಎಂದರೆ ನಾವೆಲ್ಲ ಗೊಳ್ಳೆಂದು ನಗುತ್ತೇವೆ. ಪ್ರೀತಿಯಿಂದಲೇ ನಗುತ್ತೇವೆ, ಫೋನಿನಲ್ಲಿ ಊರಿನವರಿಗೂ ಹೇಳಿ ನಗಿಸುತ್ತೇವೆ. ಆ ಪ್ರೀತಿ ಮಗುವಿಗೆ ಕಾಣುವುದಿಲ್ಲ, ನಗು ಮಾತ್ರ ಕೇಳುತ್ತದೆ. ಕನ್ನಡ ಮಾತನಾಡಿದರೆ ಅವಮಾನ, ಇಂಗ್ಲಿಷ್ ಮಾತನಾಡಿದರೆ ನೆಮ್ಮದಿ ಎಂದು ಅದು ಕಲಿಯುತ್ತದೆ. ಆಗಲೇ ಹೇಳಿದೆನಲ್ಲ, ತಪ್ಪಿಸಿಕೊಂಡ ನೆಮ್ಮದಿ ಭಯವನ್ನು ಬೆಳೆಸುತ್ತದೆ ಎಂದು. ಹತ್ತು ವರ್ಷದ ನಂತರ "ನಮ್ಮ ಹುಡುಗನಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಮಾತನಾಡುವುದಿಲ್ಲ" ಎಂದು ನಾವೇ ಕೊರಗುತ್ತೇವೆ. ಅವನಿಗೆ ಬಾರದಿರುವುದು ಕನ್ನಡವಲ್ಲ, ಧೈರ್ಯ. ಆ ಹೊತ್ತಿಗೆ ಊರಿನಲ್ಲಿರುವ ಅಜ್ಜಿಗೆ ವಯಸ್ಸಾಗಿರುತ್ತದೆ. ಮೊಮ್ಮಗ ಫೋನು ಹಿಡಿದು ಎರಡು ಮಾತೂ ಆಡದೆ ಅಮ್ಮನ ಕೈಗೆ ಕೊಟ್ಟುಬಿಡುತ್ತಾನೆ. ಇದಕ್ಕಿಂತ ದೊಡ್ಡ ನಷ್ಟ ಯಾವುದು?

ಹಾಗಾದರೆ ತಿದ್ದಲೇಬಾರದೇ? ತಿದ್ದಿ, ಆದರೆ ಉತ್ತರದಲ್ಲೇ ತಿದ್ದಿ. "ಹೌದಾ ಪುಟ್ಟಾ, ಅಜ್ಜಿ ಬಂದಿದ್ದಾರಾ? ಏನು ಊಟ ಮಾಡ್ತಿದ್ದಾರೆ?" ಅಂದರೆ ಸಾಕು. ಮಾತು ಮುಂದುವರಿಯುತ್ತದೆ, ಸರಿಯಾದ ರೂಪವೂ ಕಿವಿಗೆ ಬೀಳುತ್ತದೆ.

ಕೊನೆಯದಾಗಿ ಸಮಿತಿಯ ಮುಂದೆ ಒಂದು ಬಿನ್ನಹ. ನಮ್ಮ ಪ್ರತಿ ಕಾರ್ಯಕ್ರಮದಲ್ಲೂ ಹದಿನೈದು ನಿಮಿಷವನ್ನು ಇದುವರೆಗೆ ಮೈಕ್ ಹಿಡಿಯದ ಮೂವರಿಗೆ ಮೀಸಲಿಡಿ, ತಲಾ ಐದು ನಿಮಿಷ. ಒಬ್ಬರು ಮಕ್ಕಳು, ಒಬ್ಬರು ದೊಡ್ಡವರು, ಒಬ್ಬರು ಊರಿನಿಂದ ಬಂದ ಹಿರಿಯರು. ಒಮ್ಮೆ ಮಾತನಾಡಿದವರನ್ನು ಅಲ್ಲಿಗೇ ಬಿಡಬೇಡಿ. ಸಂಕ್ರಾಂತಿಗೆ ತಮ್ಮ ಹೆಸರು, ಊರು ಹೇಳಲಿ. ಯುಗಾದಿಗೆ ಅತಿಥಿಯನ್ನು ಪರಿಚಯಿಸಲಿ. ಗಣೇಶನ ಹಬ್ಬಕ್ಕೆ ವಂದನಾರ್ಪಣೆ ಮಾಡಲಿ. ರಾಜ್ಯೋತ್ಸವಕ್ಕೆ ಇಡೀ ಕಾರ್ಯಕ್ರಮವನ್ನು ನಿರೂಪಿಸಲಿ. ನಿಯಮ ಮೂರೇ: ಯಾರೂ ನಗಬಾರದು, ಯಾರೂ ನಡುವೆ ತಿದ್ದಬಾರದು, ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಪೀಟರನಿಗೆ ತಿಂಡಿ ಕೊಟ್ಟಂತೆ ನಮ್ಮಲ್ಲಿ ಬಿಸಿಬೇಳೆಭಾತ್ ಹೇಗೂ ಇದ್ದೇ ಇರುತ್ತದೆ.

ಇಲ್ಲಿ ಐದು ನಿಮಿಷ ಮಾತನಾಡಲು ಕಲಿತವರು ನಾಳೆ ಮಗುವಿನ ಶಾಲೆಯ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಡಾಕ್ಟರ ಮುಂದೆ ತಮ್ಮ ನೋವನ್ನು ಪೂರ್ತಿ ಹೇಳುತ್ತಾರೆ, ಅದು ನಮ್ಮಂಥವರಿಗೂ ದೊಡ್ಡ ಉಪಕಾರ. ಮುಂದಿನ ವರ್ಷದ ಈ ಸಮಾರಂಭದಲ್ಲಿ ವಂದನಾರ್ಪಣೆಗೆ ಜನ ಹುಡುಕುವ ಕಷ್ಟ ಕಾರ್ಯದರ್ಶಿಗಳಿಗೆ ಬಾರದಿರಲಿ ಎಂದು ಹಾರೈಸುತ್ತೇನೆ. 

ಸಿರಿಗನ್ನಡಂ ಗೆಲ್ಗೆ.