ನೋವಿಗೂ ಒಂದು ಲೆಕ್ಕವಿದೆ



ವಿಶ್ವವಿದ್ಯಾನಿಲಯ, ಸಂಶೋಧನೆ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮಂಥ ಹಳ್ಳಿಯವರಿಗೆ ಅದು ದೂರದ ಸಂಗತಿ ಎನಿಸುತ್ತದೆ. ದಪ್ಪ ಪುಸ್ತಕ, ಬಿಳಿ ಕೋಟು, ಅರ್ಥವಾಗದ ಇಂಗ್ಲಿಷು. ನಾನೂ ಹಾಗೆಯೇ ತಿಳಿದಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ದುಡಿದದ್ದು ಬ್ಯಾಂಕಿನ ಕೌಂಟರಿನಲ್ಲಿ. ಆದರೆ ಅಂಥದೊಂದು ಸಂಶೋಧನೆಯ ಫಲ ನಮ್ಮ ಮನೆಯ ಚಾವಡಿಗೇ ನಡೆದು ಬಂದುದನ್ನು ಕಣ್ಣಾರೆ ಕಂಡೆ. ಅದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನನ್ನ ದೊಡ್ಡಕ್ಕನಿಗೆ ಕ್ಯಾನ್ಸರ್ ಆಗಿತ್ತು. ಆಪರೇಶನ್ ಆಯಿತು, ಕರೆಂಟು ಕೊಟ್ಟದ್ದಾಯಿತು. ಬಳೆ, ಸರ ಅಡವಿಟ್ಟದ್ದೂ ಆಯಿತು. ಕೊನೆಗೆ ಆಸ್ಪತ್ರೆಯಲ್ಲಿ, "ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರಕೊಂಡು ಹೋಗಿ" ಎಂದರು. ಮನೆಗೆ ತಂದೆವು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿಯಾದರೆ ಅಕ್ಕನ ನರಳಾಟ ಅಂಗಳದಾಚೆಗೆ ಕೇಳುತ್ತಿತ್ತು. ಸೋದರಳಿಯ ಬಂದು, "ಮಾವ, ಅಮ್ಮ ಇವತ್ತೂ ಕಣ್ಣು ಮುಚ್ಚಲಿಲ್ಲ" ಎನ್ನುತ್ತಿದ್ದ.

ನೆರೆಮನೆಯ ಟೀಚರಮ್ಮ ಒಂದು ಮಾತು ಹೇಳಿದರು: "ಪಂಚಾಯತಿನ ಪಾಲಿಯೇಟಿವ್ ನರ್ಸಿಗೆ ತಿಳಿಸಿ, ಮಾರ್ಫಿನ್ ಮಾತ್ರೆ ಕೊಡಿಸುತ್ತಾರೆ." ಬೇಡವೆಂದವನು ನಾನೇ. ಅದು ಅಫೀಮಿನ ಮದ್ದು, ಚಟ ಹಿಡಿದೀತು, ಜೀವಕ್ಕೇ ಅಪಾಯವಾದೀತು ಎಂದು ದೊಡ್ಡವನಂತೆ ತೀರ್ಪು ಕೊಟ್ಟೆ. ನನ್ನ ತೀರ್ಪಿನ ಬೆಲೆಯನ್ನು ಅಕ್ಕ ಹನ್ನೊಂದು ರಾತ್ರಿ ತೆತ್ತಳು. ಹನ್ನೆರಡನೆಯ ದಿನ ಅಳಿಯ ನನ್ನನ್ನು ಕೇಳದೆಯೇ ಫೋನು ಮಾಡಿದ.

ನರ್ಸು ಜೀಪಿನಲ್ಲಿ ಬಂದರು. ಮಂಚದ ಅಂಚಿನಲ್ಲಿ ಕುಳಿತು ಅಕ್ಕನ ಕೈ ಹಿಡಿದು, "ವೇದನ ಉಂಡೋ ಅಮ್ಮಾ?" ಎಂದರು. ಹತ್ತು ಬೆರಳು ತೋರಿಸಿ, ಎಷ್ಟು ಬೆರಳಿನಷ್ಟು ನೋವು ಎಂದು ಕೇಳಿದರು. ಅಕ್ಕ ಎಂಟು ಬೆರಳು ಮಡಚಿದಳು. ವೈದ್ಯರು ಬಂದು ನೋಡಿ ಮಾತ್ರೆ ಬರೆದುಕೊಟ್ಟರು. "ನೋವು ಬರಲಿ ಎಂದು ಕಾಯಬಾರದು. ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ಮಲಬದ್ಧತೆ ಆಗುತ್ತದೆ, ಅದಕ್ಕೆ ಈ ಮದ್ದು" ಎಂದು ವಿವರಿಸಿದರು. ಮೂರನೆಯ ರಾತ್ರಿ ಅಕ್ಕ ನಿದ್ದೆ ಮಾಡಿದಳು. ಮರುದಿನ ಬೆಳಿಗ್ಗೆ ಗಂಜಿ ಬೇಕೆಂದು ಕೇಳಿದಳು.

"ಗಡಿಯಾರ ನೋಡಿ ಕೊಡಬೇಕು" ಎಂಬ ಈ ಒಂದು ಸಾಲಿನ ಹಿಂದೆ ಎಷ್ಟೋ ವರ್ಷಗಳ ದುಡಿಮೆಯಿದೆ ಎಂದು ಆಮೇಲೆ ಓದಿ ತಿಳಿದೆ.

ಲಂಡನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ ಇದ್ದರು. ಮೊದಲು ನರ್ಸು, ಆಮೇಲೆ ಆಸ್ಪತ್ರೆಯ ಸಮಾಜ ಸೇವಕಿ, ಕೊನೆಗೆ ಡಾಕ್ಟರು. 1958ರಲ್ಲಿ ಅವರು ಒಂದು ವೈದ್ಯಕೀಯ ಕಾಲೇಜಿನ ಸಂಶೋಧಕಿಯಾಗಿ, ಸಾವಿನಂಚಿನ ರೋಗಿಗಳನ್ನು ನೋಡಿಕೊಳ್ಳುವ ಸೇಂಟ್ ಜೋಸೆಫ್ ಆಶ್ರಯಕ್ಕೆ ಹೋದರು. ಸಾವಿರಕ್ಕೂ ಮಿಕ್ಕಿ ರೋಗಿಗಳ ವಿವರ ಬರೆದಿಟ್ಟರು. ಬಾಯಿಯ ಮೂಲಕ ಹೊತ್ತು ಹೊತ್ತಿಗೆ ಸರಿಯಾಗಿ ಮದ್ದು ಕೊಟ್ಟರೆ ನೋವು ಅಂಕೆಯಲ್ಲಿರುತ್ತದೆ, ರೋಗಿ ಮಂಪರಿನಲ್ಲಿ ಮುಳುಗುವುದಿಲ್ಲ, ಚಟದ ಭಯವೂ ನಾವು ಎಣಿಸಿದಷ್ಟಿಲ್ಲ ಎಂದು ಅವರಿಗೆ ಕಂಡಿತು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಎಂಬ ಆರೈಕೆ ಮನೆ ಕಟ್ಟಿದರು. ಅಲ್ಲಿ ಸಂಶೋಧನೆ ಮಾಡಿ ಬಳಿಕ ಆಕ್ಸ್‌ಫರ್ಡಿಗೆ ಹೋದ ಡಾಕ್ಟರ್ ರಾಬರ್ಟ್ ಟ್ವೈಕ್ರಾಸ್ ಈ ಮದ್ದುಗಳನ್ನು ಹೋಲಿಸಿ ನೋಡಿದರು. ಸಾದಾ ಮಾರ್ಫಿನ್ನೇ ಸಾಕು ಎಂಬುದು ಗಟ್ಟಿಯಾಯಿತು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಕ್ರಮವನ್ನು ಲೋಕಕ್ಕೆಲ್ಲ ಸಾರಿತು.

ಆದರೆ ನಮ್ಮ ದೇಶದಲ್ಲಿ 1985ರಲ್ಲಿ ಮಾದಕ ವಸ್ತುಗಳ ಮೇಲೆ ಬಿಗಿ ಕಾನೂನು ಬಂದಿತ್ತು. ಕಳ್ಳಸಾಗಣೆ ತಡೆಯಲು ಅದು ಬೇಕೇ ಬೇಕು. ಆದರೆ ಆಸ್ಪತ್ರೆಗೆ ಮಾರ್ಫಿನ್ ತರಿಸಲು ಬೇರೆ ಬೇರೆ ಇಲಾಖೆಗಳಿಂದ ನಾಲ್ಕೈದು ಲೈಸೆನ್ಸು ಬೇಕಾಯಿತು. ಒಂದು ಸಿಗುವಾಗ ಇನ್ನೊಂದರ ವಾಯಿದೆ ಮುಗಿಯುತ್ತಿತ್ತು. 1997ರಲ್ಲಿ ಇಡೀ ಭಾರತದಲ್ಲಿ ಬಳಕೆಯಾದ ಮಾರ್ಫಿನ್ ಬರೀ 18 ಕಿಲೋ. ಅಫೀಮು ಬೆಳೆದು ಹೊರದೇಶಕ್ಕೆ ಮಾರುವ ನಾಡಿನಲ್ಲೇ ಈ ಗತಿ.

ಇಲ್ಲಿ ನಮ್ಮ ಕಲ್ಲಿಕೋಟೆಯ ಕತೆ ಬರುತ್ತದೆ. ಅಲ್ಲಿನ ಸರಕಾರಿ ಮೆಡಿಕಲ್ ಕಾಲೇಜಿನ ಡಾಕ್ಟರ್ ರಾಜಗೋಪಾಲ್, ಡಾಕ್ಟರ್ ಸುರೇಶ್ ಕುಮಾರ್ ಮತ್ತು ಅವರ ಜತೆಯವರು 1993ರಲ್ಲಿ ನೋವು ಶಮನದ ಒಂದು ಸಂಘ ಕಟ್ಟಿದರು. ಬಂದ ರೋಗಿಗಳಿಗೆ ಮಾರ್ಫಿನ್ ಮಾತ್ರೆಯನ್ನು ಮನೆಗೇ ಕೊಟ್ಟು ಕಳುಹಿಸಿದರು. "ಹೀಗೆ ಕೊಟ್ಟರೆ ಮದ್ದು ಬೀದಿ ಪಾಲಾಗದೇ?" ಎಂದು ಸರಕಾರ ಕೇಳುವುದು ಸಹಜ. ಅದಕ್ಕೆ ಅವರು ವಾದ ಮಾಡುತ್ತ ಕೂರಲಿಲ್ಲ, ಲೆಕ್ಕ ಕೊಟ್ಟರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದವರ ಜತೆಗೂಡಿ ಎರಡು ವರ್ಷಗಳ ದಾಖಲೆ ಪರಿಶೀಲಿಸಿದರು. 1723 ರೋಗಿಗಳಲ್ಲಿ ಮದ್ದಿನ ದುರುಪಯೋಗವಾದ ಒಂದು ಪ್ರಕರಣವೂ ಸಿಗಲಿಲ್ಲ. 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಆ ಬಗೆಯ ದಾಖಲೆ ಹಿಡಿದುಕೊಂಡು ವರ್ಷಗಟ್ಟಲೆ ಓಡಾಡಿದ ಮೇಲೆ, 2014ರಲ್ಲಿ ಪಾರ್ಲಿಮೆಂಟು ಕಾನೂನನ್ನು ತಿದ್ದಿ ದಾರಿ ಸರಳ ಮಾಡಿತು. ಬ್ಯಾಂಕಿನವನಾದ ನನಗೆ ಈ ಭಾಗ ಬಹಳ ಹಿಡಿಸಿತು. ಲೆಡ್ಜರು ಸರಿಯಿದ್ದರೆ ಇನ್‌ಸ್ಪೆಕ್ಟರಿಗೆ ಹೆದರಬೇಕಾಗಿಲ್ಲ.

ಆಸ್ಪತ್ರೆ ಒಂದರಿಂದಲೇ ಈ ಕೆಲಸ ಆಗುವುದಲ್ಲ ಎಂಬುದೂ ಅವರಿಗೆ ಮನವರಿಕೆಯಾಯಿತು. ಮಲಪ್ಪುರಂ ಕಡೆಯ ಊರುಗಳಲ್ಲಿ ಜನರನ್ನೇ ಕಲೆಹಾಕಿ ತರಬೇತಿ ಕೊಟ್ಟರು. ಮೀನು ಮಾರುವವರು, ಮೇಷ್ಟರು, ಕಾಲೇಜು ಹುಡುಗರು ವಾರಕ್ಕೆ ಇಷ್ಟು ಹೊತ್ತು ಎಂದು ರೋಗಿಗಳ ಮನೆಗೆ ಹೋದರು. 2008ರಲ್ಲಿ ಕೇರಳ ಸರಕಾರ ಇದಕ್ಕೆಂದೇ ಒಂದು ನೀತಿ ಮಾಡಿತು. ಭಾರತದಲ್ಲಿ ಅದು ಮೊದಲನೆಯದು. ನಮ್ಮ ಮನೆಗೆ ಬಂದ ಜೀಪು ಆ ನೀತಿಯಿಂದ ಬಂದದ್ದು.

ಈಗ ನಮ್ಮ ಕನ್ನಡದ ಮಾತು. ಎರಡು ವಾರದ ಮೇಲೆ ಅಕ್ಕ ಹೊಸ ದೂರು ಹೇಳತೊಡಗಿದಳು: "ಕಾಲು ಉರಿ, ಕಾಲು ಉರಿ." ನರ್ಸಮ್ಮ ಕಾಲನ್ನು ತಿರುಗಿಸಿ ಮುರುಗಿಸಿ ನೋಡಿದರು. ಮಲಯಾಳದಲ್ಲಿ ಉರಿಯುವುದೆಂದರೆ ಸುಲಿಯುವುದಲ್ಲವೇ? ಚರ್ಮ ಎಲ್ಲಿ ಸುಲಿದಿದೆ ಎಂದು ಹುಡುಕುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, "ಎರಿಚ್ಚಿಲ್" ಎಂದು ಹೇಳಿದೆ. ಅವರ ಮುಖವೇ ಬದಲಾಯಿತು. ಉರಿ, ಸಿಡಿತ, ಜುಮ್ಮೆನ್ನುವುದು ನರದ ನೋವಿನ ಲಕ್ಷಣವಂತೆ. ಅದಕ್ಕೆ ಮಾರ್ಫಿನ್ ಒಂದೇ ಸಾಲದು, ಬೇರೆ ಮಾತ್ರೆಯೂ ಬೇಕು. ವೈದ್ಯರನ್ನು ಕೇಳಿ ಅದನ್ನೂ ಸೇರಿಸಿದರು. ನಾಲ್ಕೈದು ದಿನದಲ್ಲಿ ಉರಿ ತಗ್ಗಿತು.

ನರ್ಸಮ್ಮನದು ತಪ್ಪಲ್ಲ, ಅಕ್ಕನದೂ ಅಲ್ಲ. ಅಕ್ಕ ಪೇಟೆಯಲ್ಲಿ ಮಲಯಾಳ ಚೆನ್ನಾಗಿಯೇ ಆಡುತ್ತಿದ್ದಳು. ಮೀನಿನ ಕ್ರಯ ಕೇಳಲು, ಬಸ್ಸಿನವನೊಡನೆ ಜಗಳಾಡಲು ಅದು ಸಾಕಾಗುತ್ತಿತ್ತು. ನೋವು ಹೇಳುವ ಹೊತ್ತಿಗೆ ಮಾತ್ರ ಬಾಯಿಗೆ ಬಂದದ್ದು ಕನ್ನಡ. ಕಾಸರಗೋಡಿನಲ್ಲಿ ಹೇಗೋ ತಾಳವಾಡಿಯಲ್ಲಿ, ಅಕ್ಕಲಕೋಟೆಯಲ್ಲಿ, ಆದೋನಿಯಲ್ಲಿ ಕೂಡ ವಯಸ್ಸಾದವರ ಪಾಡು ಇದೇ ಇರಬೇಕು.

ಆದುದರಿಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಮಗೆ ಎರಡು ಭಾಷೆ ಬರುತ್ತದೆ. ಇದು ನಮಗೆ ಗಡಿ ಕೊಟ್ಟ ಸೊತ್ತು. ವಾರಕ್ಕೊಂದು ಬೆಳಿಗ್ಗೆ ಆ ನರ್ಸಿನ ಜತೆ ನೀವೂ ಹೋಗಿ. ಸೂಜಿ, ಮದ್ದು ಮುಟ್ಟಬೇಕಾಗಿಲ್ಲ. ಮಂಚದ ಪಕ್ಕ ಕುಳಿತು, ಅಜ್ಜಿ ಹೇಳಿದ್ದನ್ನು ಸರಿಯಾಗಿ ದಾಟಿಸಿದರೆ ಆಯಿತು. ಮನೆಯಲ್ಲಿ ರೋಗಿಯಿದ್ದರೆ, ವೈದ್ಯರು ಮಾರ್ಫಿನ್ ಬರೆದಾಗ ನನ್ನಂತೆ ಹೆದರಬೇಡಿ. ಅವರು ಹೇಳಿದಷ್ಟೇ ಕೊಡಿ, ಹೇಳಿದ ಹೊತ್ತಿಗೇ ಕೊಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಅಕ್ಕ ಮತ್ತೂ ಏಳು ವಾರ ಇದ್ದಳು. ಮಾತ್ರೆಯ ಲೆಕ್ಕವನ್ನು ನಾನೇ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟೆ. ದಿನ, ಗಂಟೆ, ಕೊಟ್ಟದ್ದು, ಉಳಿದದ್ದು. ಎಲ್ಲ ಮುಗಿದ ಮೇಲೆ ಉಳಿದ ಮಾತ್ರೆಗಳನ್ನು ಎಣಿಸಿ ನರ್ಸಮ್ಮನ ಕೈಗೆ ಒಪ್ಪಿಸಿದೆ. ಲೆಕ್ಕ ಸರಿಯಿತ್ತು. ಮೊದಲಿನ ಆ ಹನ್ನೊಂದು ರಾತ್ರಿಗಳು ಮಾತ್ರ ಆ ಪುಸ್ತಕದಲ್ಲಿಲ್ಲ. ಅವು ನನ್ನ ಖಾತೆಯಲ್ಲಿ ಇವೆ.