ತಾರಸಿ ಇಲ್ಲದವರ ಪಾಲು



ಇಟಲಿಯ ನೇಪಲ್ಸ್ ನಗರದ ಪೂರ್ವಕ್ಕೆ ಸ್ಯಾನ್ ಜೊವಾನ್ನಿ ಆ ತೆದುಚ್ಚೊ ಎಂಬ ಬಡಾವಣೆ ಇದೆ. ಕಾರ್ಖಾನೆಗಳು ಮುಚ್ಚಿದ ಮೇಲೆ ಅಲ್ಲಿ ಬಡತನ ಉಳಿಯಿತು. 2021ರಲ್ಲಿ ಅಲ್ಲಿಯ ಸೇವಾಸಂಸ್ಥೆಯೊಂದರ ತಾರಸಿಗೆ 53 ಕಿಲೋವ್ಯಾಟ್ ಸೌರಫಲಕಗಳು ಬಂದವು. ಹಣ ಕೊಟ್ಟದ್ದು ಒಂದು ಪ್ರತಿಷ್ಠಾನ. ಲಾಭ ಸುತ್ತಲಿನ 40 ಕುಟುಂಬಗಳಿಗೆ ಸಿಗಲಿ ಎಂಬುದು ಉದ್ದೇಶ. ಕಾಸು ಹಾಕದವರಿಗೆ ಪಾಲೇಕೆ, ಇದು ದಾನವಲ್ಲವೇ ಎಂದು ನೀವು ಕೇಳಬಹುದು. ಅಲ್ಲ, ಅದು ಅವರ ಹಕ್ಕು ಎನ್ನುವುದಕ್ಕೇ ನಾನಿಲ್ಲಿ ನಿಂತಿದ್ದೇನೆ.

ಇಟಲಿಯ ನಿಯಮದ ಲೆಕ್ಕ ನೋಡಿ. ಒಂದೇ ಸಬ್‌ಸ್ಟೇಷನ್ ವ್ಯಾಪ್ತಿಯ ಮನೆಗಳು ಸೇರಿ ವಿದ್ಯುತ್ ಸಮುದಾಯ ಕಟ್ಟಿಕೊಳ್ಳಬಹುದು. ಒಂದು ಗಂಟೆಯಲ್ಲಿ ಅವರ ಫಲಕಗಳು ಲೈನಿಗೆ ಕೊಟ್ಟದ್ದೆಷ್ಟು, ಅದೇ ಗಂಟೆಯಲ್ಲಿ ಸದಸ್ಯರೆಲ್ಲ ಲೈನಿನಿಂದ ಪಡೆದದ್ದೆಷ್ಟು, ಎರಡರಲ್ಲಿ ಯಾವುದು ಕಡಿಮೆಯೋ ಅದೇ ಹಂಚಿಕೊಂಡ ವಿದ್ಯುತ್. 20 ವರ್ಷ ಪ್ರೋತ್ಸಾಹಧನ ಸಿಗುವುದು ಅದಕ್ಕೆ. ಮಧ್ಯಾಹ್ನ 30 ಯೂನಿಟ್ ಕೊಟ್ಟು 10 ಯೂನಿಟ್ ಬಳಸಿದರೆ ಲೆಕ್ಕಕ್ಕೆ ಬರುವುದು 10. ಅಂದರೆ ಆ ಹೊತ್ತಿಗೆ ಮನೆಯಲ್ಲಿರುವ ಅಜ್ಜಿ ವಾಷಿಂಗ್ ಮೆಷಿನ್ ಹಾಕದಿದ್ದರೆ ಹಂಚಿಕೆ ಎಂಬುದೇ ಇಲ್ಲ. ಫಲಕದ ಒಡೆಯನಷ್ಟೇ ಆಕೆಯೂ ಆ ಹಣವನ್ನು ದುಡಿದಿದ್ದಾಳೆ.

ನಮ್ಮಲ್ಲಾದರೋ, ಪಿಎಂ ಸೂರ್ಯ ಘರ್ ಯೋಜನೆ ತಾರಸಿಯ 3 ಕಿಲೋವ್ಯಾಟ್ ಸೌರಫಲಕಗಳಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಒಳ್ಳೆಯದೇ. ಆದರೆ ಆ ಹಣ ಸ್ವಂತ ತಾರಸಿಯನ್ನು ಹುಡುಕಿಕೊಂಡು ಹೋಗುತ್ತದೆ. ಬೆಂಗಳೂರಿನ ಬಾಡಿಗೆ ಮನೆಯವರ ಬಾಗಿಲಿಗೆ ಬರುವುದಿಲ್ಲ.

ಇಟಲಿಯಲ್ಲಿ ಹಣ ಯಾರಿಗೆಷ್ಟು ಎಂಬುದನ್ನು ಸದಸ್ಯರೇ ಒಪ್ಪಂದದಲ್ಲಿ ಬರೆದುಕೊಳ್ಳುತ್ತಾರೆ. 2023ರ ಡಿಸೆಂಬರಿನ ಸರ್ಕಾರಿ ಆದೇಶ ಒಂದು ಬೇಲಿಯನ್ನೂ ಹಾಕಿತು: ಲೈನಿಗೆ ಕೊಟ್ಟ ವಿದ್ಯುತ್ತಿನಲ್ಲಿ ಹಂಚಿಕೊಂಡ ಪ್ರಮಾಣ ಶೇ 55 ದಾಟಿದರೆ, ಅದರಾಚೆಗಿನ ಪ್ರೋತ್ಸಾಹಧನ ಉದ್ಯಮಗಳ ಜೇಬಿಗೆ ಹೋಗುವಂತಿಲ್ಲ, ಉಳಿದ ಬಳಕೆದಾರರಿಗೋ ಊರಿನ ಸಾಮಾಜಿಕ ಕೆಲಸಕ್ಕೋ ಹೋಗಬೇಕು. ಬಂಡವಾಳಕ್ಕೂ ಸರ್ಕಾರದ ನೆರವು ಪಡೆದಿದ್ದರೆ ಆ ಮಿತಿ ಶೇ 45.

ಹಾಗೆಂದು ಗಂಟೆಯ ಲೆಕ್ಕವೊಂದನ್ನೇ ನಂಬಿದರೂ ಅನ್ಯಾಯವಾಗುತ್ತದೆ. ಹಗಲಿಡೀ ಏಸಿ ಓಡಿಸುವ ಮನೆಗೆ ದೊಡ್ಡ ಪಾಲು, ಬೆಳಗ್ಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವವಳಿಗೆ ಸೊನ್ನೆ. ಆದ್ದರಿಂದ ನಮ್ಮಲ್ಲಿ ಇಂಥ ಸಮುದಾಯ ಕಟ್ಟುವಾಗ ಮೊದಲು ದುರಸ್ತಿ ಮತ್ತು ಬಂಡವಾಳದ ಬಾಕಿ ತೀರಲಿ. ಉಳಿದದ್ದರಲ್ಲಿ ಒಂದು ಭಾಗ ಎಲ್ಲ ಸದಸ್ಯರಿಗೂ ಸಮವಾಗಿ ಹೋಗಲಿ, ಇನ್ನೊಂದು ಭಾಗ ಹಗಲಿನ ಬಳಕೆಗೆ ತಕ್ಕಂತೆ. ಆ ಒಪ್ಪಂದ ಬರೆಯುವ ದಿನ ಬಾಡಿಗೆದಾರರೂ ಸಭೆಯಲ್ಲಿ ಕುಳಿತಿರಬೇಕು, ಅವರಿಗೂ ಮತ ಇರಬೇಕು.